ಒಪ್ಪದ ಕಥೆ ಹಿಡಿಸುವುದೇಕೆ?

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಚಿಗವ್ವನ ಮನೆಯಲ್ಲಿ ಸಂಜೆಯ ಧಾರಾವಾಹಿ ಶುರುವಾಗುವ ಹೊತ್ತಿಗೆ ಒಲೆಯ ಮೇಲೆ ಹಂಚು ಕಾದಿರುತ್ತದೆ. ಅಡುಗೆಮನೆಯ ಬಾಗಿಲಿನಿಂದ ಟೀವಿ ಕಾಣುವ ಹಾಗೆ ಪರಾತವನ್ನು ಸರಿಸಿಕೊಂಡು ಆಕೆ ರೊಟ್ಟಿ ಬಡಿಯುತ್ತಾಳೆ. ಸೊಸೆಯ ಹಾಲಿಗೆ ಏನನ್ನೋ ಬೆರೆಸಲು ಖಳನಾಯಕಿ ಲೋಟವನ್ನು ಕೈಗೆತ್ತಿಕೊಂಡಳೆಂದರೆ ರೊಟ್ಟಿಯ ಸಪ್ಪಳ ನಿಲ್ಲುತ್ತದೆ. “ಈಕಿ ಬಾಯಾಗ ಹುಳಾ ಬೀಳ್ಲಿ” ಎಂದು ಬೈಯುತ್ತಾಳೆ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ತೆರೆಯಿಂದ ಕಣ್ಣು ಕೀಳುವುದಿಲ್ಲ. ನೆರೆಮನೆಯಲ್ಲಿ ಜಗಳ ಕೇಳಿಸಿದರೆ ಕಿಟಕಿ ಮುಚ್ಚುವ, ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಎಂದೂ ಒಯ್ಯದ ಹೆಂಗಸು ಆಕೆ. “ಮತ್ತ ಯಾಕ ನೋಡ್ತಿ ಚಿಗವ್ವಾ?” ಎಂದು ಒಮ್ಮೆ ಕೇಳಿದೆ. “ಏನ ಹೇಳ್ಲಿ ತಮ್ಮಾ, ನೋಡದ ಇರಾಕ ಆಗೂದಿಲ್ಲ” ಎಂದಳು.

ಈ ಪ್ರಶ್ನೆ ಚಿಗವ್ವನೊಬ್ಬಳದಲ್ಲ. ಗದಗಿನ ನನ್ನ ಪರಿಚಯದ ವ್ಯಾಪಾರಿಯೊಬ್ಬರು ಇರುವೆಯನ್ನೂ ತುಳಿಯಬಾರದೆಂಬ ಮನೆತನದಲ್ಲಿ ಬೆಳೆದವರು; ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಗಲ್ಲೆಯ ಮೇಲೆ ಕುಳಿತು ಅವರು ಮೊಬೈಲಿನಲ್ಲಿ ನೋಡುವುದು ರೌಡಿಗಳ ಕಥೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಹಾವೇರಿಯಿಂದ ಬಂದು ಧಾರವಾಡದ ಸಪ್ತಾಪುರದ ಪಿ.ಜಿ.ಯಲ್ಲಿ ಉಳಿದಿರುವ ಸಂಬಂಧಿಕರ ಹುಡುಗಿಯೊಬ್ಬಳು ಲಂಚ ಮುಟ್ಟದ ಅಧಿಕಾರಿಯಾಗಬೇಕೆಂದು ಹಗಲೆಲ್ಲ ಓದುತ್ತಾಳೆ. ರಾತ್ರಿ ಹೊದಿಕೆಯೊಳಗೆ ಇಯರ್‌ಫೋನ್ ಹಾಕಿಕೊಂಡು, ಜನರಿಗೆ ಟೋಪಿ ಹಾಕಿ ಕೋಟಿ ಗಳಿಸುವವನ ಸರಣಿಯನ್ನು ನೋಡುತ್ತಾಳೆ. “ನನ್ನೊಳಗ ಏನರ ಹುಳುಕ ಐತೇನ್ರಿ?” ಎಂದು ಆಕೆ ಕೇಳಿದ್ದು ತಮಾಷೆಗಲ್ಲ.

ಕೆಟ್ಟವರ ಕಥೆಯನ್ನು ನಮ್ಮ ಭಾಗದ ಜನ ಹೊಸದಾಗಿ ನೋಡುತ್ತಿಲ್ಲ. ದೊಡ್ಡಾಟದ ರಾಕ್ಷಸ ಪಾತ್ರ ರಂಗಕ್ಕೆ ಬರುವುದನ್ನು ಕಾಯುತ್ತ ಊರಿಗೆ ಊರೇ ರಾತ್ರಿಯೆಲ್ಲ ಎಚ್ಚರವಿರುತ್ತಿತ್ತು. ಆದರೆ ಅಲ್ಲಿ ಎಲ್ಲರೂ ಒಟ್ಟಿಗೆ ಕುಳಿತಿರುತ್ತಿದ್ದರು, ಒಟ್ಟಿಗೆ ಸಿಳ್ಳೆ ಹೊಡೆಯುತ್ತಿದ್ದರು, ಮರುದಿನ ಕಟ್ಟೆಯ ಮೇಲೆ ಸರಿ-ತಪ್ಪು ಚರ್ಚಿಸುತ್ತಿದ್ದರು. ಮೊಬೈಲಿನಿಂದಾಗಿ ಒಬ್ಬೊಬ್ಬರಿಗೂ ಒಂದೊಂದು ತೆರೆ ಬಂದಿದೆ. ನೋಡುವುದೂ ಒಂಟಿಯಾಗಿ, ಅಳುಕುವುದೂ ಒಂಟಿಯಾಗಿ. ಆದ್ದರಿಂದಲೇ ಈ ಪ್ರಶ್ನೆಯನ್ನು ಬುಡದಿಂದ ಬಿಡಿಸಿ ನೋಡುವುದು ಈಗ ಅಗತ್ಯವಾಗಿದೆ.

ರುಚಿ, ನಂಬಿಕೆ, ಒಪ್ಪಿಗೆ

ಬದನೆಕಾಯಿ ಸೇರುವುದಿಲ್ಲ ಎಂಬುದು ರುಚಿಯ ಮಾತು. ದುಡಿದವನ ಕೂಲಿಯನ್ನು ಹಿಡಿದಿಟ್ಟುಕೊಳ್ಳಬಾರದು ಎಂಬುದು ನೈತಿಕ ನಂಬಿಕೆ. ರುಚಿಯನ್ನು ನಮ್ಮ ಮಟ್ಟಿಗೆ ಇಟ್ಟುಕೊಳ್ಳುತ್ತೇವೆ. ನೈತಿಕ ನಂಬಿಕೆಯನ್ನು ಎಲ್ಲರೂ ಪಾಲಿಸಬೇಕೆಂದು ಬಯಸುತ್ತೇವೆ, ನಾವೇ ಅದನ್ನು ಮುರಿದಾಗ ನಾಚುತ್ತೇವೆ. ಕಳಬೇಡ, ಕೊಲಬೇಡ ಎಂಬ ಬಸವಣ್ಣನವರ ಮಾತನ್ನು ಶಾಲೆಗೆ ಹೋಗುವ ಮೊದಲೇ ಕೇಳಿ ಬೆಳೆದವರಿಗೆ ಈ ನಂಬಿಕೆಗಳು ಉಸಿರಿನಷ್ಟೇ ಹತ್ತಿರದವು.

ಒಂದು ಕಾರ್ಯಕ್ರಮ ‘ಹಿಡಿಸಿತು’ ಎಂದಾಗ ನಾವು ಹಲವು ಸಂಗತಿಗಳನ್ನು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ: ಮುಂದೇನಾಗುವುದೋ ಎಂಬ ಕುತೂಹಲ, ಎದೆ ಹೊಡೆದುಕೊಳ್ಳುವ ಭಯ, ಒಳ್ಳೆಯ ನಟನೆಯ ಬಗೆಗಿನ ಮೆಚ್ಚುಗೆ, ಕಣ್ಣೀರು ಹಾಕಿದ ಮೇಲೆ ಬರುವ ಹಗುರ. ಇವುಗಳಲ್ಲಿ ಯಾವುದೂ ‘ಅವನು ಮಾಡಿದ್ದು ಸರಿ’ ಎಂಬ ತೀರ್ಪಲ್ಲ. ಹಿಡಿಸುವುದು ಬೇರೆ, ಒಪ್ಪುವುದು ಬೇರೆ. ಇಷ್ಟು ಹೇಳಿದರೆ ಪ್ರಶ್ನೆ ಮುಗಿಯಿತು ಎನ್ನುವವರಿದ್ದಾರೆ. ಮುಗಿಯುವುದಿಲ್ಲ, ಏಕೆಂದರೆ ಇವೆರಡರ ನಡುವಿನ ಗೋಡೆ ಎಲ್ಲ ಕಡೆಯೂ ಒಂದೇ ದಪ್ಪ ಇಲ್ಲ.

ಮಿರ್ಚಿ ತಿನ್ನುವವನ ಕಣ್ಣೀರು

ಹುಬ್ಬಳ್ಳಿಯಲ್ಲಿ ಗಿರ್ಮಿಟ್ಟಿನ ಜೊತೆ ಬಿಸಿ ಮಿರ್ಚಿ ತಿನ್ನುವವರನ್ನು ಗಮನಿಸಿ. ನಾಲಗೆ ಉರಿಯುತ್ತದೆ, ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಕೈ ಮಾತ್ರ ಇನ್ನೊಂದು ಮಿರ್ಚಿಯ ಕಡೆಗೆ ಹೋಗುತ್ತದೆ. ಸುಟ್ಟಿತು ಎಂದು ನಾಲಗೆ ಕೂಗುತ್ತದೆ, ನಿಜವಾಗಿ ಏನೂ ಸುಟ್ಟಿಲ್ಲ ಎಂದು ಬುದ್ಧಿಗೆ ಗೊತ್ತಿರುತ್ತದೆ. ಆ ಎರಡರ ನಡುವಿನ ಅಂತರವೇ ಸುಖ ಕೊಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮೆಣಸಿನಕಾಯಿಯ ಖಾರವನ್ನು ಜನ ಏಕೆ ಇಷ್ಟಪಡುತ್ತಾರೆ ಎಂಬುದನ್ನೇ ಅಧ್ಯಯನ ಮಾಡಿ, ಮುಂದೆ ಅದೇ ವಿವರಣೆಯನ್ನು ದುಃಖದ ಸಿನಿಮಾ, ಭಯದ ಕಥೆ, ಜಾತ್ರೆಯ ತಿರುಗುವ ತೊಟ್ಟಿಲಿನಂಥ ಆಟಗಳಿಗೂ ವಿಸ್ತರಿಸಿದರು. ಹಾನಿಯಿಲ್ಲವೆಂಬ ಖಾತ್ರಿ ಇದ್ದಾಗ, ಬೇರೆಡೆ ನಾವು ಓಡಿಹೋಗುವಂಥ ಅನುಭವವೇ ಇಲ್ಲಿ ರುಚಿಸುತ್ತದೆ ಎಂಬುದು ಅದರ ತಿರುಳು.

ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಇಲ್ಲಿ ನೆನಪಾಗುತ್ತದೆ. ನೋಡಲು ಕೆಂಡದಷ್ಟು ಕೆಂಪು, ಖಾರ ಮಾತ್ರ ಕಡಿಮೆ. ಅದಕ್ಕೆ ಬೆಲೆ ಬರುವುದೇ ಬಣ್ಣದಿಂದ. ತೆರೆಯ ಮೇಲಿನ ಕೇಡು ಬಹುಮಟ್ಟಿಗೆ ಇಂಥದ್ದು. ಲೋಟದ ಹಾಲಿನಲ್ಲಿ ವಿಷವಿಲ್ಲ, ಬಿದ್ದವನಿಗೆ ಗಾಯವಾಗಿಲ್ಲ ಎಂಬ ಅರಿವು ಚಿಗವ್ವನ ಮನಸ್ಸಿನ ಹಿಂಬದಿಯಲ್ಲಿ ಸದಾ ಇರುತ್ತದೆ. ಅದೇ ಬೀದಿಯಲ್ಲಿ ನಿಜವಾಗಿ ಒಬ್ಬಳಿಗೆ ಯಾರೋ ವಿಷ ಕೊಟ್ಟರೆಂದು ಕೇಳಿದ್ದರೆ ಆಕೆ ಆ ರಾತ್ರಿ ಊಟ ಮಾಡುತ್ತಿರಲಿಲ್ಲ.

ಭಾವ ಮತ್ತು ರಸ: ಹಳೆಯ ಉತ್ತರ

ಈ ಅಂತರವನ್ನು ನಮ್ಮ ದೇಶದ ಕಾವ್ಯಮೀಮಾಂಸಕರು ಬಹಳ ಹಿಂದೆಯೇ ಗುರುತಿಸಿದ್ದರು. ಬದುಕಿನಲ್ಲಿ ಉಂಟಾಗುವುದು ಭಾವ; ಅದು ರಂಗದ ಮೇಲೆ ಪ್ರೇಕ್ಷಕನಿಗೆ ಸವಿಯಲು ಸಿಕ್ಕಾಗ ರಸ. ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುತ್ತದೆ. ಅವುಗಳಲ್ಲಿ ಶೃಂಗಾರ, ಹಾಸ್ಯಗಳ ಜೊತೆಗೆ ರೌದ್ರ, ಭಯಾನಕ, ಬೀಭತ್ಸ, ಕರುಣಗಳೂ ಇವೆ; ಅಂದರೆ ಬದುಕಿನಲ್ಲಿ ಯಾರಿಗೂ ಬೇಡವಾದ ಕ್ರೋಧ, ಭಯ, ಹೇಸಿಗೆ, ಶೋಕಗಳೂ ರಂಗದ ಮೇಲೆ ಸವಿಯುವ ವಸ್ತುಗಳಾಗುತ್ತವೆ.

ಹಾಗಾಗುವುದು ಹೇಗೆ ಎಂಬುದಕ್ಕೆ ಆ ಮೀಮಾಂಸಕರಲ್ಲೊಬ್ಬನಾದ ಭಟ್ಟನಾಯಕ ಕೊಟ್ಟ ಹೆಸರು ಸಾಧಾರಣೀಕರಣ. ಮಾತು ದೊಡ್ಡದಾದರೂ ಅರ್ಥ ಸರಳ: ರಂಗದ ಮೇಲಿನ ದುಃಖ ‘ನನ್ನದು’ ಆಗಿರುವುದಿಲ್ಲ, ‘ನನ್ನ ವೈರಿಯದು’ ಆಗಿರುವುದಿಲ್ಲ, ಯಾರದೋ ಪರಕೀಯನದೂ ಆಗಿರುವುದಿಲ್ಲ; ಅದು ದುಃಖ, ಅಷ್ಟೇ. ನನ್ನದು ಎಂಬ ಗಂಟು ಬಿಚ್ಚಿದ್ದರಿಂದ ಅದನ್ನು ಓಡಿಹೋಗದೆ ನೋಡಬಹುದು. ಕ್ರಿ.ಶ. 1000ರ ಆಸುಪಾಸಿನಲ್ಲಿ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ಈ ವಿಚಾರವನ್ನು ಬೆಳೆಸುತ್ತ, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿಹೋದರೆ ರಸಕ್ಕೆ ವಿಘ್ನ ಬರುತ್ತದೆ ಎಂದ. ಧಾರಾವಾಹಿಯ ವರದಕ್ಷಿಣೆ ಹಿಂಸೆಯ ಕಂತನ್ನು ಒಬ್ಬರು ಉಸಿರು ಬಿಗಿಹಿಡಿದು ನೋಡುವಾಗ, ಅದನ್ನು ಸ್ವತಃ ಅನುಭವಿಸಿದವರು ಎದ್ದುಹೋಗುವುದು ಇದೇ ಕಾರಣಕ್ಕೆ. ಹಾಗೆ ಎದ್ದುಹೋದವರನ್ನು ‘ಬರೇ ಕಥಿ, ಯಾಕಿಷ್ಟು ಮನಸ್ಸಿಗಿ ಹಚ್ಕೊಂತಿ’ ಎಂದು ಕೂರಿಸಲು ಹೋಗಬಾರದು.

ಕೆಟ್ಟವನ ಕಡೆಗೆ ಮನಸ್ಸು ವಾಲುವುದು ಹೇಗೆ

ಚಿಗವ್ವನ ಪ್ರಕರಣ ಸುಲಭದ್ದು. ಆಕೆ ಖಳನಾಯಕಿಯನ್ನು ದ್ವೇಷಿಸುತ್ತಾಳೆ, ಅವಳು ಸಿಕ್ಕಿಬೀಳುವ ದಿನಕ್ಕೆ ಕಾಯುತ್ತಾಳೆ. ಇಲ್ಲಿ ನೈತಿಕ ನಂಬಿಕೆಗೂ ಸಂತೋಷಕ್ಕೂ ವಿರೋಧವೇ ಇಲ್ಲ. ನಂಬಿಕೆಯೇ ಸಂತೋಷದ ಇಂಧನ. 1970ರ ದಶಕದಲ್ಲಿ ಡಾಲ್ಫ್ ಜಿಲ್‌ಮನ್ ಎಂಬ ಸಂಶೋಧಕ ಹೇಳಿದ್ದು ಇದನ್ನೇ: ಪ್ರೇಕ್ಷಕ ಪಾತ್ರಗಳನ್ನು ನ್ಯಾಯಾಧೀಶನಂತೆ ಅಳೆಯುತ್ತಲೇ ಇರುತ್ತಾನೆ, ಒಳ್ಳೆಯವರಿಗೆ ಒಳಿತಾದಾಗ, ಕೆಟ್ಟವರಿಗೆ ಕೇಡಾದಾಗ ಹಿಗ್ಗುತ್ತಾನೆ. ಅವರೂ ಜೆನಿಂಗ್ಸ್ ಬ್ರ್ಯಾಂಟ್ ಅವರೂ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮಕ್ಕಳಿಗೆ ಒಂದೇ ಕಥೆಯನ್ನು ಮೂರು ಬಗೆಯಲ್ಲಿ ತೋರಿಸಿದರು: ತಪ್ಪಿತಸ್ಥನಿಗೆ ತಕ್ಕ ಶಿಕ್ಷೆ, ತೀರ ಕಡಿಮೆ ಶಿಕ್ಷೆ, ಅತಿಯಾದ ಶಿಕ್ಷೆ. ನಾಲ್ಕು ವರ್ಷದ ಮಕ್ಕಳು ಶಿಕ್ಷೆ ಹೆಚ್ಚಿದಷ್ಟೂ ಸಂತೋಷಪಟ್ಟರೆ, ಏಳೆಂಟು ವರ್ಷದವರಿಗೆ ಹೆಚ್ಚು ಹಿಡಿಸಿದ್ದು ತಕ್ಕ ಶಿಕ್ಷೆಯ ಕಥೆ. ನಾನಿದನ್ನು ಮಾಳಮಡ್ಡಿಯಲ್ಲೇ ಕಂಡಿದ್ದೇನೆ. ವರ್ಷಗಟ್ಟಲೆ ಕಾದು, ಖಳನಾಯಕಿ ಸಿಕ್ಕಿಬಿದ್ದ ವಾರ ಅವಳ ಮುಖಕ್ಕೆ ಮಸಿ ಬಳಿದು ಓಣಿಯಲ್ಲಿ ಎಳೆದಾಡಿಸಿದರು. “ಇಷ್ಟ ಮಾಡಬಾರದಿತ್ತ, ಆಕಿನೂ ಒಬ್ಬರ ಮಗಳು” ಎಂದು ಚಿಗವ್ವ ಟೀವಿ ಆರಿಸಿದಳು.

ಗದಗಿನ ವ್ಯಾಪಾರಿಯ ಪ್ರಕರಣ ಬೇರೆ. ಅವರು ಕಾಯುವುದು ರೌಡಿ ಸಿಕ್ಕಿಬೀಳಲಿ ಎಂದಲ್ಲ, ತಪ್ಪಿಸಿಕೊಳ್ಳಲಿ ಎಂದು. ಇಲ್ಲಿ ಕಥೆ ಕಟ್ಟುವವರ ಕೈಚಳಕವನ್ನು ಅರಿಯಬೇಕು. ಮೊದಲಿಗೆ, ಕ್ಯಾಮರಾ ಅವನ ಜೊತೆಗೇ ಇರುತ್ತದೆ. ಅವನು ತಾಯಿಯ ಕಾಲು ಒತ್ತುವುದನ್ನೂ ಮಗಳ ಜಡೆ ಹೆಣೆಯುವುದನ್ನೂ ಅವನು ಮೊದಲ ಸಲ ಚಾಕು ಹಿಡಿಯುವ ಮುನ್ನವೇ ತೋರಿಸಿರುತ್ತಾರೆ. ಒಬ್ಬನ ಕಣ್ಣಿನಿಂದ ಜಗತ್ತನ್ನು ಹತ್ತು ಗಂಟೆ ನೋಡಿದ ಮೇಲೆ ಅವನು ಹೊರಗಿನವನಾಗಿ ಉಳಿಯುವುದಿಲ್ಲ. ಎರಡನೆಯದು, ಅವನ ಪಕ್ಕದಲ್ಲಿ ಅವನಿಗಿಂತ ಕ್ರೂರನಾದ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ. ಕಪ್ಪು ಗೋಡೆಯ ಮುಂದೆ ಬೂದು ಬಣ್ಣವೂ ಬಿಳಿಯಾಗಿ ಕಾಣುತ್ತದೆ. ಅವನಿಗೆ ಅಪರೂಪದ ಜಾಣತನ ಇರುತ್ತದೆ, ಜಾಣತನವನ್ನು ಮೆಚ್ಚದೆ ಇರುವುದು ನಮಗೆ ಕಷ್ಟ. ಮಾತನ್ನೂ ಮೆತ್ತಗೆ ಮಾಡಿರುತ್ತಾರೆ: ಅಲ್ಲಿ ಯಾರೂ ‘ಕೊಲ್ಲು’ ಎನ್ನುವುದಿಲ್ಲ, ‘ಮುಗಿಸಿಬಿಡು’ ಎನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತವನ ಮನೆಯೊಳಗೆ ಕ್ಯಾಮರಾ ಹೋಗುವುದಿಲ್ಲ.

ತನ್ನ ತಪ್ಪನ್ನು ತನಗೆ ತಾನೇ ಸರಿಯೆಂದು ಒಪ್ಪಿಸಿಕೊಳ್ಳುವಾಗ ಮನುಷ್ಯ ಬಳಸುವ ಉಪಾಯಗಳೂ ಇವೇ. ನೆಪ ಹೇಳುವುದು, ಇನ್ನೂ ಕೆಟ್ಟವರ ಜೊತೆ ಹೋಲಿಸಿಕೊಳ್ಳುವುದು, ಮೆತ್ತನೆಯ ಹೆಸರಿಡುವುದು, ನೊಂದವರ ಮುಖ ನೋಡದಿರುವುದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇವನ್ನೆಲ್ಲ ಸೇರಿಸಿ ‘ನೈತಿಕ ಬೇರ್ಪಡಿಕೆ’ ಎಂಬ ಅರ್ಥದ ಹೆಸರು ಕೊಟ್ಟರು. ನಮ್ಮ ತಪ್ಪಿಗೆ ನಾವು ಹುಡುಕಿಕೊಳ್ಳುವ ಸಮಾಧಾನವನ್ನು ರೌಡಿಯ ಕಥೆ ಅವನ ಪರವಾಗಿ ನಮಗೆ ಸಿದ್ಧಮಾಡಿ ಕೊಡುತ್ತದೆ. ಮೊದಲು ಪಾತ್ರ ಹಿಡಿಸುತ್ತದೆ, ಆಮೇಲೆ ಅವನ ತಪ್ಪಿಗೆ ಕಾರಣ ಹುಡುಕುತ್ತೇವೆ. ತೀರ್ಪು ಮೊದಲು, ವಿಚಾರಣೆ ಆಮೇಲೆ.

ಮನಸ್ಸು ಬೇಡವೆನ್ನುವ ಜಾಗ

ಇಷ್ಟೆಲ್ಲ ಕೈಚಳಕವಿದ್ದರೂ ಕೆಲವು ಕಥೆಗಳಲ್ಲಿ ಮನಸ್ಸು ಒಮ್ಮೆಗೇ ಹಿಂದೆ ಸರಿಯುತ್ತದೆ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ಈ ಸಂಗತಿಯನ್ನು ಗುರುತಿಸಿದ. ಹಳೆಯ ಕಾವ್ಯದಲ್ಲಿ ಲೋಕದ ಬಗ್ಗೆ ತಪ್ಪು ತಿಳಿವಳಿಕೆ ಇದ್ದರೆ ಓದುಗ ಸುಲಭವಾಗಿ ಹೊಂದಿಕೊಳ್ಳುತ್ತಾನೆ. ಆದರೆ ಕೆಟ್ಟ ನಡತೆಯನ್ನು ಯಾವ ಖಂಡನೆಯೂ ಇಲ್ಲದೆ ಚಿತ್ರಿಸಿದರೆ ಆ ಭಾವದೊಳಗೆ ಹೋಗಲು ಆಗುವುದಿಲ್ಲ ಎಂದ. ಹಾರುವ ಕುದುರೆಯನ್ನು ಒಪ್ಪಿಕೊಳ್ಳುವ ನಾವು, ‘ಹೆಣ್ಣು ಹುಟ್ಟಿದ್ದಕ್ಕೆ ಕೂಸನ್ನು ಕೊಂದರು, ಅದು ಒಳ್ಳೆಯದೇ ಆಯಿತು’ ಎಂಬ ಕಥೆಯನ್ನು ಕಲ್ಪನೆಯಲ್ಲೂ ಒಪ್ಪಿಕೊಳ್ಳಲಾರೆವು. ಇಂದಿನ ತತ್ತ್ವಜ್ಞಾನಿಗಳು ಇದನ್ನು ಕಲ್ಪನೆಯ ಪ್ರತಿರೋಧ ಎನ್ನುತ್ತಾರೆ.

ಹ್ಯೂಮ್‌ಗಿಂತ ಸುಮಾರು ಒಂಬೈನೂರು ವರ್ಷ ಮೊದಲೇ ನಮ್ಮ ಕಾವ್ಯಮೀಮಾಂಸಕ ಆನಂದವರ್ಧನ, ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲ ಎಂದಿದ್ದ. ಸಲ್ಲದ ಜಾಗದಲ್ಲಿ ಹುಟ್ಟಿದ ರಸಕ್ಕೆ ನಮ್ಮ ಮೀಮಾಂಸಕರು ರಸಾಭಾಸ ಎಂದು ಹೆಸರಿಟ್ಟರು. ಅವರು ಕೊಡುವ ಉದಾಹರಣೆ ಸೀತೆಯ ಮೇಲೆ ರಾವಣನಿಗಿದ್ದ ಮೋಹ. ಅದರ ಬಗ್ಗೆ ಅಭಿನವಗುಪ್ತ ಹೇಳಿದ್ದು ನಮ್ಮ ಪ್ರಶ್ನೆಗೆ ಸಿಕ್ಕ ಅತ್ಯಂತ ಸೂಕ್ಷ್ಮವಾದ ಉತ್ತರವೆಂದು ನಾನು ತಿಳಿದಿದ್ದೇನೆ. ರಾವಣನ ಮಾತು ಕೇಳುತ್ತ ತನ್ಮಯರಾಗಿರುವ ಆ ಗಳಿಗೆಯಲ್ಲಿ ಪ್ರೇಕ್ಷಕರು ಸವಿಯುವುದು ಪ್ರೀತಿಯನ್ನೇ. ಅದು ಸಲ್ಲದ ಪ್ರೀತಿ ಎಂಬ ವಿವೇಕ ಮೂಡುವುದು ಆಮೇಲೆ. ಸವಿಯೂ ನಿಜ, ಆಮೇಲಿನ ವಿವೇಕವೂ ನಿಜ. ಸಪ್ತಾಪುರದ ಹುಡುಗಿಗೆ ಕಂತು ಮುಗಿದ ಮೇಲೆ ಕಾಡುವ ಅಳುಕು ಅವಳೊಳಗಿನ ಹುಳುಕಲ್ಲ, ಆ ಎರಡನೆಯ ಹಂತ.

ಆದ್ದರಿಂದ ಕಥೆಯೊಳಗಿನ ತಪ್ಪನ್ನೂ ಕಥೆ ಹೇಳುವವರ ತಪ್ಪನ್ನೂ ಬೇರೆ ಬೇರೆಯಾಗಿ ನೋಡಬೇಕು. ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದ ಕುಮಾರವ್ಯಾಸ ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದ ಭಾರತದಲ್ಲಿ ದ್ರೌಪದಿಯನ್ನು ತುಂಬಿದ ಸಭೆಗೆ ಎಳೆದು ತರುತ್ತಾರೆ. ಶತಮಾನಗಳಿಂದ ಜನ ಅದನ್ನು ಮೈಮರೆತು ಕೇಳಿದ್ದಾರೆ, ಆದರೆ ಆ ಅವಮಾನವನ್ನು ಮೆಚ್ಚಿಕೊಂಡು ಯಾರೂ ಕೇಳಲಿಲ್ಲ. ಕವಿಯ ಸಂಕಟ ದ್ರೌಪದಿಯ ಪರವಾಗಿ ಇದೆ. ಇದಕ್ಕೆ ಎದುರಾಗಿ, ಒಂದು ಕೊಲೆಯೂ ಬೈಗುಳವೂ ಇಲ್ಲದ ಧಾರಾವಾಹಿಯೊಂದರಲ್ಲಿ ಗಂಡ ಕೆನ್ನೆಗೆ ಹೊಡೆದಾಗ ಸುಮ್ಮನಿದ್ದ ಹೆಂಡತಿಗೆ ಹಿನ್ನೆಲೆಯಲ್ಲಿ ದೇವಾಲಯದ ಗಂಟೆ ಬಾರಿಸಿ, ಅವಳನ್ನು ಆದರ್ಶವೆಂದು ತೋರಿಸಬಹುದು. ರೌಡಿಗಳ ಕಥೆಗೆ ಅಳುಕುವ ನಾವು ಇಂಥದ್ದನ್ನು ಮನೆಮಂದಿಯೆಲ್ಲ ಕುಳಿತು ನೋಡುತ್ತೇವೆ. ಏನು ನಡೆಯಿತು ಎಂಬುದಕ್ಕಿಂತ ಯಾವುದಕ್ಕೆ ಚಪ್ಪಾಳೆ ಕೇಳುತ್ತಿದ್ದಾರೆ ಎಂಬುದನ್ನು ಗಮನಿಸಿದರೆ, ಯಾವ ಕಾರ್ಯಕ್ರಮ ನಮ್ಮ ನಂಬಿಕೆಗೆ ನಿಜವಾಗಿ ವಿರುದ್ಧ ಎಂಬುದು ತಿಳಿಯುತ್ತದೆ.

ನೋಡಿದ್ದು ಒಳಗೆ ಉಳಿಯುತ್ತದೆಯೇ?

1961ರಲ್ಲಿ ಬಂಡೂರ ಮತ್ತು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 72 ಚಿಕ್ಕ ಮಕ್ಕಳೊಂದಿಗೆ ಒಂದು ಪ್ರಯೋಗ ನಡೆಸಿದರು. ಗಾಳಿ ತುಂಬಿದ ಗೊಂಬೆಯನ್ನು ದೊಡ್ಡವರೊಬ್ಬರು ಹೊಡೆದು ಬಡಿದು ಮಾಡಿದ್ದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಮಾಡಿದರು. 1965ರ ಮುಂದಿನ ಪ್ರಯೋಗ ಇನ್ನೂ ಮುಖ್ಯವಾದದ್ದು. ಹೊಡೆದವರಿಗೆ ಶಿಕ್ಷೆಯಾದದ್ದನ್ನು ತೆರೆಯ ಮೇಲೆ ಕಂಡ ಮಕ್ಕಳು ಅನುಕರಣೆ ಕಡಿಮೆ ಮಾಡಿದರು. ಆದರೆ ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ ಕೊಡುತ್ತೇವೆ ಎಂದಾಗ ಎಲ್ಲರೂ ಸರಿಸಮನಾಗಿ ಮಾಡಿ ತೋರಿಸಿದರು. ಶಿಕ್ಷೆಯ ದೃಶ್ಯ ಕೈಯನ್ನು ತಡೆದಿತ್ತೇ ಹೊರತು ಕಲಿಕೆಯನ್ನು ತಡೆದಿರಲಿಲ್ಲ. ಕೊನೆಗೆ ಖಳನಾಯಕಿಗೆ ಶಿಕ್ಷೆಯಾಗುತ್ತದೆ, ಹಾಗಾಗಿ ಮಕ್ಕಳು ನೋಡಿದರೆ ತಪ್ಪಿಲ್ಲ ಎಂಬ ವಾದ ಅರ್ಧ ಮಾತ್ರ ಸರಿ ಎಂದಾಯಿತು. ಚಿಗವ್ವನ ಆರು ವರ್ಷದ ಮೊಮ್ಮಗಳು ಒಮ್ಮೆ ಹುಬ್ಬು ಏರಿಸಿ, ಬಾಯಲ್ಲೇ ಹಿನ್ನೆಲೆ ಸಂಗೀತ ಹಾಡಿಕೊಂಡು ತಾಯಿಯನ್ನು ಓರೆಗಣ್ಣಿನಿಂದ ನೋಡಿದಾಗ ನಾವೆಲ್ಲ ನಕ್ಕೆವು. ನಗು ನಿಂತ ಮೇಲೆ ಚಿಗವ್ವ ಯೋಚನೆಗೆ ಬಿದ್ದಳು.

ದೊಡ್ಡವರ ವಿಷಯದಲ್ಲಿ ಪರಿಣಾಮ ಬೇರೆ ದಾರಿಯಲ್ಲಿ ಬರುತ್ತದೆ ಎಂದು ವಾದಿಸಿದವರು ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್‌ನರ್. ಟೀವಿ ಹೆಚ್ಚು ನೋಡುವವರು ಅಪರಾಧ ಮಾಡುತ್ತಾರೆ ಎಂದಲ್ಲ, ಲೋಕವನ್ನು ಇರುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ಎಣಿಸುತ್ತಾರೆ ಎಂಬುದು ಅವರ ತೀರ್ಮಾನ. ಈ ಪರಿಣಾಮ ಸಣ್ಣದು, ಅದರ ಅಳತೆಯ ಬಗ್ಗೆ ಸಂಶೋಧಕರಲ್ಲಿ ವಾದವಿದೆ. ಆದರೂ ಅದು ತೋರಿಸುವ ದಿಕ್ಕು ಯೋಚಿಸುವಂಥದ್ದು: ಒಳಗೆ ಜಿನುಗುವುದು ಕೃತ್ಯವಲ್ಲ, ಅಂದಾಜು. ಹತ್ತು ವರ್ಷ ಸೊಸೆಯಂದಿರ ಕುತಂತ್ರವನ್ನೇ ನೋಡಿದವರು ಕುತಂತ್ರ ಕಲಿಯಲಿಕ್ಕಿಲ್ಲ. ಹೊಸ ಸೊಸೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೆ ಅನುಮಾನ ಬೇಗ ಬರಬಹುದು.

ನಂಬಿಕೆಯೂ ನಡೆಯೂ ಹೊಂದದಿದ್ದಾಗ ಆಗುವ ಒಳ ಇರಿಸುಮುರಿಸನ್ನು 1957ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ವಿವರಿಸಿದ್ದರು. ಅದನ್ನು ನೀಗಿಕೊಳ್ಳಲು ಮನುಷ್ಯ ನಡೆಯನ್ನು ಬಿಡುತ್ತಾನೆ, ಇಲ್ಲವೇ ನಂಬಿಕೆಯನ್ನು ಸಡಿಲಿಸುತ್ತಾನೆ, ಇಲ್ಲವೇ ನಡುವೆ ಒಂದು ಸಮಾಧಾನದ ಮಾತನ್ನು ಸೇರಿಸುತ್ತಾನೆ. ‘ಬರೇ ಟೈಂಪಾಸ್‌ಗೆ ನೋಡ್ತೀನಿ’ ಎಂಬುದು ಆ ಮೂರನೆಯದು.

ನಟರಲ್ಲ, ನಿಜದ ಮನುಷ್ಯರಾದಾಗ

ಮೇಲೆ ಹೇಳಿದ ಎಲ್ಲವೂ ಕಥೆಗೆ ಅನ್ವಯಿಸುತ್ತದೆ. ರಿಯಾಲಿಟಿ ಶೋ ಎಂಬ ಬಗೆಗೆ ಪೂರ್ತಿ ಅನ್ವಯಿಸುವುದಿಲ್ಲ. ಅಲ್ಲಿ ಬೈಸಿಕೊಂಡವನು ಅಂದು ರಾತ್ರಿ ಬಣ್ಣ ತೊಳೆದು ಪಾತ್ರದಿಂದ ಹೊರಬರಲಾರ. ಅದೇ ಹೆಸರಿನಲ್ಲಿ ತನ್ನ ಊರಿಗೆ ಮರಳಬೇಕು. ಸಂಕಲನದಲ್ಲಿ ಎಷ್ಟೇ ಕತ್ತರಿಸಿ ಜೋಡಿಸಿದ್ದರೂ ಅವಮಾನ ಒಬ್ಬ ನಿಜದ ಮನುಷ್ಯನದು. ಬ್ಯಾಡಗಿ ಮೆಣಸಿನಕಾಯಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಈ ಖಾರ ಯಾರದೋ ಮೈಯನ್ನು ನಿಜವಾಗಿ ಸುಡುತ್ತಿದೆ.

ನಿಯಮಗಳು ಎಷ್ಟು ದೂರ ಬರುತ್ತವೆ

ವಾಹಿನಿಗಳಿಗೆ 1995ರ ಕೇಬಲ್ ಟೆಲಿವಿಷನ್ ಜಾಲ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಕಾರ್ಯಕ್ರಮ ಸಂಹಿತೆ ಇದೆ. ಹೆಣ್ಣುಮಕ್ಕಳನ್ನು ಹೀನಾಯವಾಗಿ ತೋರಿಸುವುದನ್ನೂ ಮೂಢನಂಬಿಕೆಗೆ ಉತ್ತೇಜನ ಕೊಡುವುದನ್ನೂ ಅದು ನಿಷೇಧಿಸುತ್ತದೆ. ಓಟಿಟಿ ವೇದಿಕೆಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ವಯಸ್ಸಿನ ವರ್ಗಗಳನ್ನು ಕಡ್ಡಾಯ ಮಾಡಿವೆ. ಯು/ಎ 13+ ಮತ್ತು ಅದಕ್ಕಿಂತ ಮೇಲಿನವುಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನು ವೇದಿಕೆ ಕೊಡಬೇಕು. ಈ ಬೀಗ ಮಕ್ಕಳಿಗೆ. ಕಥೆ ಯಾರ ಪರವಾಗಿ ಚಪ್ಪಾಳೆ ಕೇಳುತ್ತಿದೆ ಎಂಬುದನ್ನು ಯಾವ ವರ್ಗವೂ ಅಳೆಯುವುದಿಲ್ಲ.

ಸಪ್ತಾಪುರದ ಹುಡುಗಿ ಸರಣಿಯನ್ನು ಬಿಡಲಿಲ್ಲ, ಇಯರ್‌ಫೋನ್ ಬಿಟ್ಟಳು. ಈಗ ಕೋಣೆಯ ಗೆಳತಿಯೂ ಜೊತೆಗೆ ಕುಳಿತು ನೋಡುತ್ತಾಳೆ. ಕಳೆದ ವಾರ ಟೋಪಿ ಹಾಕಿದವನು ಹೊಸ ಬಂಗಲೆಯ ಗೃಹಪ್ರವೇಶ ಮಾಡುವ ದೃಶ್ಯದಲ್ಲಿ ಗೆಳತಿ ಕೇಳಿದಳಂತೆ: “ರೊಕ್ಕಾ ಕಳಕೊಂಡವರ ಮನಿ ಯಾಕ ಒಮ್ಮೆನೂ ತೋರಿಸ್ಲಿಲ್ಲ?” ಆ ಕಂತನ್ನು ಅಲ್ಲಿಯೇ ನಿಲ್ಲಿಸಿ ಇಬ್ಬರೂ ನಡುರಾತ್ರಿಯವರೆಗೆ ಮಾತಾಡುತ್ತ ಕುಳಿತಿದ್ದರು.